ಹಿಮಾವೃತ ರಸ್ತೆಗಳಲ್ಲಿ ವಿವಿಧ ಬಗೆಯ ಕಾರುಗಳ ಸುರಕ್ಷಿತ ಚಾಲನೆ

ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ. ಆದುದರಿಂದ ರಾಜ್ಯದಲ್ಲಿ ಚಾಲನಾ ಅನುಜ್ಞಾಪತ್ರ ಪಡೆದ ಹೆಚ್ಚಿನವರಿಗೆ ಹಿಮದ ಮೇಲೆ ವಾಹನ ನಡೆಸಿದ ಅನುಭವವಿರುವುದಿಲ್ಲ. ಆದರೆ ಅನುಜ್ಞಾಪತ್ರವು ದೇಶದಾದ್ಯಂತ ಮಾನ್ಯವಾಗಿದ್ದು, ಸ್ವಂತ ಕಾರಿನಲ್ಲಿ ಹಿಮಾಚಲ ಪ್ರದೇಶ, ಕಾಶ್ಮೀರ ಹಾಗೂ ಲಡಾಖ್‌ಗೆ ತೆರಳುವವರಿದ್ದಾರೆ. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗವು ಉದ್ಘಾಟನೆಗೊಂಡ ತರುವಾಯ, 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ಏರದೆಯೇ ಮನಾಲಿಯಿಂದ ಲಾಹೌಲ್ ತಲುಪಬಹುದಾಗಿದೆ. ಸುರಂಗದೊಳಗೆ ಒಣಗಿರುವ ರಸ್ತೆಯು ಹೊರಬಂದೊಡನೆ ಹಿಮದಿಂದ ಕೂಡಿರಬಹುದಾದ್ದರಿಂದ ಸುರಂಗ ಮುಗಿಯುವ ಮೊದಲೇ ವೇಗವನ್ನು ತಗ್ಗಿಸತಕ್ಕದ್ದು.

ಕಾರಿನ ಬಗೆಗೆ ಅನುಗುಣವಾಗಿ ಚಾಲನೆ

1. ಮುಂಚಕ್ರ ಚಾಲಿತ ಕಾರುಗಳು: ಆಲ್ಟೋ, ಸ್ವಿಫ್ಟ್ ಮುಂತಾದ ಸಣ್ಣ ಕಾರುಗಳು ಈ ವರ್ಗಕ್ಕೆ ಸೇರುತ್ತವೆ. ಎಂಜಿನ್ನಿನ ಭಾರವು ಚಾಲಕ ಚಕ್ರಗಳ ಮೇಲೆಯೇ ಬೀಳುವುದರಿಂದ ಹಿಡಿತ ಉತ್ತಮವಾಗಿರುತ್ತದೆ. ಆದರೆ ತಿರುವಿನಲ್ಲಿ ವೇಗ ಹೆಚ್ಚಾದಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತದೆ. ಆಗ ಆಕ್ಸಲರೇಟರ್ ಮೇಲಿನ ಒತ್ತಡವನ್ನು ನಿಧಾನವಾಗಿ ಕಡಿಮೆ ಮಾಡಿ, ಚಕ್ರಗಳು ಹಿಡಿತ ಪಡೆಯುವವರೆಗೆ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಬಾರದು.

2. ಹಿಂಚಕ್ರ ಚಾಲಿತ ವಾಹನಗಳು: ಬೊಲೆರೊ, ಇನ್ನೋವಾ ಕ್ರಿಸ್ಟಾ, ಈಕೋ ಮುಂತಾದವುಗಳಲ್ಲಿ ಹಿಂಭಾಗವು ಹಗುರವಾಗಿದ್ದಾಗ ಏರಿನಲ್ಲಿ ಚಕ್ರಗಳು ನಿಂತಲ್ಲಿಯೇ ಸುತ್ತುತ್ತವೆ, ತಿರುವಿನಲ್ಲಿ ಹಿಂಭಾಗವು ಪಕ್ಕಕ್ಕೆ ಜಾರುತ್ತದೆ. ಹೀಗಾದಲ್ಲಿ ಆಕ್ಸಲರೇಟರ್ ಬಿಟ್ಟು, ಹಿಂಭಾಗವು ಜಾರುತ್ತಿರುವ ದಿಕ್ಕಿಗೇ ಸ್ಟೀರಿಂಗನ್ನು ಮೃದುವಾಗಿ ತಿರುಗಿಸತಕ್ಕದ್ದು.

3. ನಾಲ್ಕು ಚಕ್ರ ಚಾಲಿತ ವಾಹನಗಳು: ಜಿಪ್ಸಿ, ಜಿಮ್ನಿಯಂತಹ ವಾಹನಗಳು ಹಿಮದಲ್ಲಿ ಸುಲಭವಾಗಿ ಮುಂದೆ ಸಾಗುತ್ತವೆ. ಆದರೆ ಬ್ರೇಕ್ ಹಾಕಿದಾಗ ಇವೂ ಇತರ ಕಾರುಗಳಂತೆಯೇ ಜಾರುತ್ತವೆ. ಈ ವಿಷಯದಲ್ಲಿನ ಅತಿಯಾದ ಆತ್ಮವಿಶ್ವಾಸವು ಅಪಾಯಕಾರಿ.

4. ವಿದ್ಯುತ್ ಚಾಲಿತ ಕಾರುಗಳು: ಚಳಿಯಲ್ಲಿ ಒಂದು ಬಾರಿಯ ಚಾರ್ಜ್‌ನಿಂದ ಕ್ರಮಿಸಬಹುದಾದ ದೂರವು ಕಡಿಮೆಯಾಗುತ್ತದೆ. ಆಕ್ಸಲರೇಟರ್ ಬಿಟ್ಟೊಡನೆ ತಾನಾಗಿ ವೇಗ ತಗ್ಗಿಸುವ ವ್ಯವಸ್ಥೆಯನ್ನು ಕನಿಷ್ಠ ಮಟ್ಟದಲ್ಲಿಡುವುದು ಸೂಕ್ತ.

ಎಲ್ಲಾ ಚಾಲಕರು ಪಾಲಿಸಬೇಕಾದ ಅಂಶಗಳು

• ಮಂಜುಗಡ್ಡೆಯ ಮೇಲೆ ವಾಹನ ನಿಲ್ಲಲು ಒಣ ರಸ್ತೆಗೆ ಹೋಲಿಸಿದಲ್ಲಿ ಹತ್ತು ಪಟ್ಟಿನವರೆಗೂ ದೂರ ಬೇಕಾಗಬಹುದು. ಮುಂದಿನ ವಾಹನದಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳತಕ್ಕದ್ದು.
• ಇಳಿಜಾರಿನಲ್ಲಿ ಬ್ರೇಕನ್ನೇ ಅವಲಂಬಿಸದೆ ಕೆಳಗಿನ ಗೇರಿನಲ್ಲಿ ಇಳಿಯತಕ್ಕದ್ದು. ಎಬಿಎಸ್ ಇರುವ ಕಾರಿನಲ್ಲಿ ತುರ್ತು ಸಂದರ್ಭದಲ್ಲಿ ಬ್ರೇಕನ್ನು ಬಿಡದೆ ಒತ್ತಿಹಿಡಿಯಬೇಕು. ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಬಿಟ್ಟು ಬಿಟ್ಟು ಒತ್ತಬೇಕು.
• ಹಿಮದ ಸರಪಳಿಯನ್ನು ಚಾಲಕ ಚಕ್ರಗಳಿಗೆ, ಅಂದರೆ ಮೊದಲನೆಯ ವರ್ಗದ ಕಾರುಗಳಿಗೆ ಮುಂದೆ ಹಾಗೂ ಎರಡನೆಯ ವರ್ಗದವುಗಳಿಗೆ ಹಿಂದೆ ಕಟ್ಟತಕ್ಕದ್ದು. ಹಿಮವಿಲ್ಲದ ರಸ್ತೆ ಬಂದೊಡನೆ ತೆಗೆಯಬೇಕು.
• ಬೆಳಗಿನ ಜಾವ, ಸೇತುವೆಗಳ ಮೇಲೆ ಹಾಗೂ ಬಿಸಿಲು ತಾಗದ ತಿರುವುಗಳಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ರಸ್ತೆಯು ಕೇವಲ ಒದ್ದೆಯಾಗಿರುವಂತೆ ಕಂಡರೂ ಎಚ್ಚರಿಕೆ ಅವಶ್ಯಕ.
• ರೇಡಿಯೇಟರ್‌ನಲ್ಲಿ ಬರಿಯ ನೀರಿದ್ದಲ್ಲಿ ಅದು ಹೆಪ್ಪುಗಟ್ಟಿ ಎಂಜಿನ್ ಒಡೆಯಬಹುದು. ಹೊರಡುವ ಮುನ್ನ ಸೂಕ್ತ ಪ್ರಮಾಣದ ಕೂಲಂಟ್ ತುಂಬಿಸತಕ್ಕದ್ದು.
• ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ತೀವ್ರ ಚಳಿಯಲ್ಲಿ ಗಟ್ಟಿಯಾಗುತ್ತದೆ. ಲಡಾಖ್‌ಗಾಗಿ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೆ ದ್ರವರೂಪದಲ್ಲಿರುವ ಚಳಿಗಾಲದ ಡೀಸೆಲನ್ನು ಬಿಡುಗಡೆ ಮಾಡಲಾಯಿತು.
• ರಾತ್ರಿ ಸಮತಟ್ಟಾದ ಜಾಗದಲ್ಲಿ, ಗೇರಿನಲ್ಲಿರಿಸಿ, ಚಕ್ರಗಳಿಗೆ ಕಲ್ಲುಕೊಟ್ಟು ನಿಲ್ಲಿಸುವುದು ಉತ್ತಮ. ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿ ಬಿಡಿಸಲಾಗದೆ ಹೋಗಬಹುದು.

ಹಿಮದಲ್ಲಿ ಸಿಲುಕಿದಲ್ಲಿ

2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ಬಳಿ ಹಿಮದಲ್ಲಿ ಸಿಲುಕಿದ ವಾಹನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಸೈಲೆನ್ಸರ್ ಕೊಳವೆಯು ಹಿಮದಿಂದ ಮುಚ್ಚಿದಾಗ ಹೊರಹೋಗಬೇಕಾದ ಕಾರ್ಬನ್ ಮಾನಾಕ್ಸೈಡ್ ಅನಿಲವು ಕಾರಿನೊಳಗೆ ಸೇರುತ್ತದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ನಿದ್ರೆಯಲ್ಲಿಯೇ ಪ್ರಾಣ ಹೋಗಬಹುದು. ಆದುದರಿಂದ ಕೊಳವೆಯ ಸುತ್ತಲಿನ ಹಿಮವನ್ನು ತೆಗೆದ ನಂತರವೇ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಮಾತ್ರ ಬಿಸಿಮಾಡಿಕೊಂಡು, ಒಂದು ಕಿಟಕಿಯನ್ನು ತುಸು ತೆರೆದಿಡತಕ್ಕದ್ದು. ಎಂಜಿನ್ ಚಾಲೂ ಇರಿಸಿ ಎಲ್ಲರೂ ಮಲಗಕೂಡದು. ವಾಹನವನ್ನು ಬಿಟ್ಟು ಹಿಮಪಾತದಲ್ಲಿ ನಡೆದು ಹೋಗದೆ, 112 ಸಂಖ್ಯೆಗೆ ಕರೆಮಾಡಿ ನೆರವು ಪಡೆಯತಕ್ಕದ್ದು. ಕಂಬಳಿ, ಕುಡಿಯುವ ನೀರು, ಒಣ ಆಹಾರ, ಟಾರ್ಚ್ ಮತ್ತು ಸಲಿಕೆ ಕಾರಿನಲ್ಲಿರಲಿ.

ಸ್ಥಳೀಯ ಪೊಲೀಸರು ಅಥವಾ ಗಡಿ ರಸ್ತೆಗಳ ಸಂಸ್ಥೆಯವರು ರಸ್ತೆ ಮುಚ್ಚಿದ್ದಲ್ಲಿ ಪ್ರಯಾಣವನ್ನು ಮುಂದೂಡುವುದೇ ಸುರಕ್ಷಿತ ಕ್ರಮವಾಗಿರುತ್ತದೆ.