ತೆರೆಯ ಮೇಲಿನ ಮೊದಲ ಚಂದ್ರಯಾತ್ರೆ

ಮನುಷ್ಯನು ಚಂದ್ರನ ಮೇಲೆ ಮೊದಲು ಕಾಲಿಟ್ಟುದು 1969ರ ಜುಲೈ ತಿಂಗಳಲ್ಲಿ. ಅದಕ್ಕೆ 67 ವರ್ಷಗಳ ಹಿಂದೆಯೇ, 1902ರಲ್ಲಿ, ಫ್ರಾನ್ಸಿನ ಜಾತ್ರೆಗಳಿಗೆ ಹೋದ ಸಾಮಾನ್ಯ ಜನರು ಕತ್ತಲೆಯ ಗುಡಾರದಲ್ಲಿ ಕುಳಿತು ಚಂದ್ರಲೋಕವನ್ನು ನೋಡಿಬಂದಿದ್ದರು. ಅವರಿಗೆ ಅದನ್ನು ತೋರಿಸಿದವನು ಖಗೋಳಶಾಸ್ತ್ರಜ್ಞನಲ್ಲ. ಜಾರ್ಜ್ ಮೇಲಿಯೆಸ್ ಎಂಬ ಐಂದ್ರಜಾಲಿಕ. ‘ಚಂದ್ರಲೋಕ ಯಾತ್ರೆ’ ಎಂಬ ಆತನ ಮೂಕಚಿತ್ರವು ಓಡುವುದು ಸುಮಾರು ಕಾಲು ಗಂಟೆ. ವೈಜ್ಞಾನಿಕ ಕಲ್ಪನೆಯ ವೈಭವವನ್ನು ಚಲಚ್ಚಿತ್ರದಲ್ಲಿ ನೋಡಿ ಬೆರಗಾಗುವ ಅಭ್ಯಾಸವು ಜನರಲ್ಲಿ ಹೇಗೆ ಬೆಳೆಯಿತೆಂದು ತಿಳಿಯಲು ಇಲ್ಲಿಂದಲೇ ಹೊರಡಬೇಕೆಂದು ನಮಗೆ ತೋರುತ್ತದೆ.

ಮೇಲಿಯೆಸ್ 1861ರಲ್ಲಿ ಪ್ಯಾರಿಸಿನಲ್ಲಿ, ಪಾದರಕ್ಷೆಯ ಕಾರ್ಖಾನೆಯ ಒಡೆಯನೊಬ್ಬನ ಮಗನಾಗಿ ಹುಟ್ಟಿದನು. (ಈ ಪಾದರಕ್ಷೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.) ಮನೆತನದ ಉದ್ಯೋಗವನ್ನು ಬಿಟ್ಟು, 1888ರಲ್ಲಿ ನಾಟಕಶಾಲೆಯೊಂದನ್ನು ಕೊಂಡು ಅಲ್ಲಿ ಇಂದ್ರಜಾಲದ ಆಟಗಳನ್ನು ನಡೆಸುತ್ತಿದ್ದನು. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರು ಚಲಿಸುವ ಚಿತ್ರಗಳನ್ನು ಪ್ರದರ್ಶಿಸಿದಾಗ ಆತನೂ ಪ್ರೇಕ್ಷಕರ ನಡುವೆ ಇದ್ದನು. ಆ ಸೋದರರ ಚಿತ್ರಗಳು 1896ರ ಜುಲೈ 7ರಂದು ನಮ್ಮ ಮುಂಬಯಿಗೂ ಬಂದುವು. ಅವರು ತಮ್ಮ ಯಂತ್ರವನ್ನು ಮಾರಲು ಒಪ್ಪಲಿಲ್ಲ. ಮೇಲಿಯೆಸ್ ಬೇರೊಂದನ್ನು ಸಂಪಾದಿಸಿದನು. 1897ರಲ್ಲಿ ಪ್ಯಾರಿಸಿನ ಹೊರವಲಯದಲ್ಲಿ ಗಾಜಿನ ಗೋಡೆ, ಗಾಜಿನ ಛಾವಣಿಗಳ ಸ್ಟುಡಿಯೋ ಕಟ್ಟಿಸಿದನು. ಸೂರ್ಯನೇ ಅಲ್ಲಿಯ ದೀಪ.

ಚಿತ್ರದ ಕಥೆ ಸರಳವಾದುದು. ಆರು ಮಂದಿ ಪಂಡಿತರು ಕುಳಿತ ಗುಂಡಿನಾಕಾರದ ವಾಹನವನ್ನು ಭಾರಿ ಫಿರಂಗಿಯೊಂದು ಆಕಾಶಕ್ಕೆ ಹಾರಿಸುತ್ತದೆ. ಅದು ನೆಟ್ಟಗೆ ಹೋಗಿ ಚಂದ್ರನ ಕಣ್ಣಿಗೇ ನಾಟುತ್ತದೆ. ಅಲ್ಲಿಯ ನಿವಾಸಿಗಳನ್ನು ಕೊಡೆಯಿಂದ ಹೊಡೆದರೆ ಹೊಗೆಯಾಗಿ ಹೋಗುತ್ತಾರೆ. ಇದರಲ್ಲಿ ತಪ್ಪುಗಳನ್ನು ಹುಡುಕಲು ಶಾಲೆಯ ಹುಡುಗನೇ ಸಾಕು: ಚಂದ್ರನಲ್ಲಿ ಉಸಿರಾಡಲು ಗಾಳಿಯಿಲ್ಲ, ಫಿರಂಗಿಯ ಆ ಹೊಡೆತಕ್ಕೆ ಒಳಗಿದ್ದವರು ಉಳಿಯಲಾರರು, ಮರಳುವಾಗಲಂತೂ ವಾಹನವು ಚಂದ್ರನ ಅಂಚಿನಿಂದ ಜಾರಿ ಭೂಮಿಗೆ ಬೀಳುತ್ತದೆ! ಬೀಳುವುದು ಸಮುದ್ರದಲ್ಲಿ. 1969ರ ಯಾತ್ರಿಕರೂ ಸಮುದ್ರಕ್ಕೇ ಇಳಿದರೆಂದು ಇದನ್ನು ಭವಿಷ್ಯವಾಣಿಯೆಂದು ಭಾವಿಸಬೇಕಾಗಿಲ್ಲ. ಜೂಲ್ ವರ್ನನ ಕಾದಂಬರಿಯ ಯಾತ್ರಿಕರೂ ಹಾಗೆಯೇ ಇಳಿದಿದ್ದರು.

ಪ್ರೇಕ್ಷಕರು ಪಾಠ ಕೇಳಲು ಬಂದವರಲ್ಲ, ಕಣ್ಣು ತುಂಬಿಕೊಳ್ಳಲು ಬಂದವರು. ಮೇಲಿಯೆಸ್ ಅದನ್ನು ಬಲ್ಲವನಾಗಿದ್ದನು. ಕ್ಯಾಮರಾವನ್ನು ನಿಲ್ಲಿಸಿ, ವೇಷಧಾರಿಯನ್ನು ಸರಿಸಿ, ಅದೇ ಸ್ಥಳದಲ್ಲಿ ಹೊಗೆಯೆಬ್ಬಿಸಿ, ಮತ್ತೆ ಕ್ಯಾಮರಾವನ್ನು ನಡೆಸಿದರೆ ತೆರೆಯ ಮೇಲೆ ಮನುಷ್ಯನೇ ಹೊಗೆಯಾದಂತೆ ಕಾಣುತ್ತದೆ. ಚಂದ್ರಲೋಕದವರಾಗಿ ಕುಣಿದವರು ಪ್ಯಾರಿಸಿನ ರಂಗಶಾಲೆಯೊಂದರ ದೊಂಬರಾಟದ ನಿಪುಣರು. ಬೆಟ್ಟ, ಗುಹೆ, ನಕ್ಷತ್ರಗಳೆಲ್ಲವೂ ಬಣ್ಣ ಬಳಿದ ಪರದೆ, ಹಲಗೆಗಳು.

ಇಷ್ಟು ಸಿದ್ಧವಾದರೂ ಜಾತ್ರೆಯ ಪ್ರದರ್ಶಕರು ಬೆಲೆಯನ್ನು ಕೇಳಿ ಹಿಂಜರಿದರು. ಕೊನೆಗೆ ಮೇಲಿಯೆಸ್ ಅವರಲ್ಲೊಬ್ಬನಿಗೆ ಚಿತ್ರವನ್ನು ಹಣವಿಲ್ಲದೆಯೇ ಎರವಲು ಕೊಟ್ಟನಂತೆ. ಮೊದಲನೆಯ ಆಟಕ್ಕೇ ಚಪ್ಪಾಳೆಯ ಮಳೆ! ನಡುರಾತ್ರಿಯವರೆಗೂ ಜನರು ಬರುತ್ತಲೇ ಇದ್ದರು. ಪ್ರದರ್ಶಕನು ಕೂಡಲೇ ಚಿತ್ರವನ್ನು ಕೊಂಡುಕೊಂಡನು. ಅಂದಿನ ಪ್ರದರ್ಶನಗಳಲ್ಲಿ ತೆರೆಯ ಪಕ್ಕದಲ್ಲಿ ಒಬ್ಬನು ನಿಂತು ಕಥೆಯನ್ನು ವಿವರಿಸುವುದೂ ಉಂಟು. ನಮ್ಮ ಬಯಲಾಟದ ಭಾಗವತರನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಹೆಚ್ಚು ಹಣ ಕೊಡುವವರಿಗೆ ಬಣ್ಣದ ಪ್ರತಿಗಳೂ ಇದ್ದುವು. ಎಲಿಜಬೆತ್ ತ್ಯುಲಿಯೇ ಎಂಬಾಕೆಯ ಕಾರ್ಯಶಾಲೆಯಲ್ಲಿ ಸ್ತ್ರೀಯರು ಸಣ್ಣ ಕುಂಚ ಹಿಡಿದು ಒಂದೊಂದು ಚೌಕಟ್ಟಿಗೂ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಒಬ್ಬಳಿಗೆ ಒಂದೇ ಬಣ್ಣ; ಅವಳು ಮುಗಿಸಿದೊಡನೆ ಸುರುಳಿಯು ಮುಂದಿನವಳ ಕೈಗೆ. ಹೀಗೆ ಬಣ್ಣ ತುಂಬಬೇಕಾದ ಚೌಕಟ್ಟುಗಳು ಒಂದು ಪ್ರತಿಯಲ್ಲಿ 13,000ಕ್ಕೂ ಹೆಚ್ಚು. ಈ ಸ್ತ್ರೀಯರ ಹೆಸರುಗಳನ್ನು ತೆರೆಯ ಮೇಲೆ ಯಾರೂ ತೋರಿಸಲಿಲ್ಲ.

ಕೀರ್ತಿ ಬಂದಷ್ಟು ಹಣ ಬರಲಿಲ್ಲ. ಅಮೇರಿಕದಲ್ಲಿ ಎಡಿಸನ್ ಕಂಪೆನಿಯೇ ಮೊದಲಾದವರು ಅಪ್ಪಣೆಯಿಲ್ಲದೆ ಪ್ರತಿಗಳನ್ನು ತೆಗೆದು ಮಾರಿದರು. 1912ರ ಬಳಿಕ ಮೇಲಿಯೆಸ್ ಚಿತ್ರ ತಯಾರಿಸಲೇ ಇಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆತನ ಅನೇಕ ಚಿತ್ರಸುರುಳಿಗಳು ಸೈನ್ಯದ ವಶವಾಗಿ, ಕರಗಿ, ಪಾದರಕ್ಷೆಗಳ ಹಿಮ್ಮಡಿಗಳಾದುವು. ಉಳಿದಿದ್ದ ಮೂಲಪ್ರತಿಗಳನ್ನು 1923ರಲ್ಲಿ, ಸಾಲದಿಂದ ಸ್ಟುಡಿಯೋ ಕೈಬಿಟ್ಟಾಗ, ಆತನೇ ಬೆಂಕಿಗೆ ಹಾಕಿದನು. ಆಮೇಲೆ ವರ್ಷಗಟ್ಟಲೆ ಪ್ಯಾರಿಸಿನ ಮೋಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ, ಮಿಠಾಯಿಗಳನ್ನು ಮಾರುತ್ತ ಕುಳಿತನು. ಪತ್ರಕರ್ತರು ಗುರುತಿಸಿದ ಮೇಲೆ 1929ರಲ್ಲಿ ಸನ್ಮಾನ ಸಭೆ, 1931ರಲ್ಲಿ ಸರಕಾರದ ಪದಕ, 1938ರಲ್ಲಿ ಮರಣ.

ಚಂದ್ರಯಾತ್ರೆಯ ಕಪ್ಪು ಬಿಳುಪು ಪ್ರತಿಗಳು ಅಲ್ಲಲ್ಲಿ ದೊರೆತುವು. ಬಣ್ಣದ ಪ್ರತಿ ಮಾತ್ರ ಲೋಕದಲ್ಲಿಲ್ಲವೆಂದೇ ವಿದ್ವಾಂಸರು ನಂಬಿದ್ದರು. 1993ರಲ್ಲಿ ಬಾರ್ಸಿಲೋನಾದ ಚಲಚ್ಚಿತ್ರ ಸಂಗ್ರಹಾಲಯಕ್ಕೆ ಯಾರೋ ಒಂದು ಸುರುಳಿಯನ್ನು ಕೊಟ್ಟರು. ಅದು ಕಲ್ಲಿನಂತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಪದರಪದರವಾಗಿ ಬಿಡಿಸಿ, ಕಂಪ್ಯೂಟರಿನ ಸಹಾಯದಿಂದ ಚೂರುಗಳನ್ನು ಜೋಡಿಸಲು ವರ್ಷಗಳೇ ಹಿಡಿದುವು. 2011ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಪ್ರೇಕ್ಷಕರು ಅದನ್ನು ಮತ್ತೆ ಬಣ್ಣದಲ್ಲಿ ನೋಡಿದರು. ವಾಹನವನ್ನು ಹಾರಿಸುವ ದೃಶ್ಯದಲ್ಲಿ ಹಾರಾಡುವ ಬಾವುಟವು ಅದರಲ್ಲಿ ಕೆಂಪು, ಹಳದಿ, ಕೆಂಪು. ಅದು ಸ್ಪೇನಿನ ಬಾವುಟ. ಈ ಪ್ರತಿಯನ್ನು ಕೊಳ್ಳುವವನು ಸ್ಪೇನ್ ದೇಶದವನೆಂದು ಕುಂಚ ಹಿಡಿದವರಿಗೆ ತಿಳಿದಿದ್ದಿರಬೇಕು.