ಸನ್ನದಿಗೆ ಹಾಕಿದ ಬೀಗ

ವಿಶ್ವಸಂಸ್ಥೆ ಯುದ್ಧ ಮುಗಿದ ಮೇಲೆ ಹುಟ್ಟಿದ್ದು ಅಂತ ಓದಿದೀವಿ. ಆದರೆ ಅದರ ನಕ್ಷೆ ತಯಾರಾಗಿದ್ದು ಯುದ್ಧದ ನಡುವೆಯೇ, 1944ರಲ್ಲಿ, ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್‌ನಲ್ಲಿ. ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಆಗಲೇ ತಕರಾರು ಎತ್ತಿದ್ರು: ವಸಾಹತುಗಳ 75 ಕೋಟಿ ಜನರಿಗೆ ಇದರಲ್ಲಿ ದನಿಯೇ ಇಲ್ಲ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಸಲಹೆಗಾರರಾಗಿ ಹೋಗಿ, ಜನಾಂಗೀಯ ಸಮಾನತೆಗೆ, ವಸಾಹತುಗಳ ಬಿಡುಗಡೆಗೆ ಒತ್ತಾಯಿಸಿದರು.

ಸನ್ನದಿನಲ್ಲಿ ಮಾನವ ಹಕ್ಕಿನ ಮಾತು ಬಂತು. ಜೊತೆಗೇ, ದೇಶಗಳ ‘ಆಂತರಿಕ ವಿಷಯ’ಕ್ಕೆ ಕೈ ಹಾಕಬಾರದು ಅನ್ನೋ ಬೀಗವೂ ಬಿತ್ತು.

1946ರಲ್ಲಿ ಬಾಬಾಸಾಹೇಬರು ಡು ಬಾಯ್ಸ್‌ಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. 2001ರಲ್ಲಿ ಡರ್ಬನ್‌ನಲ್ಲಿ ನಮ್ಮವರು ಜಾತಿಯ ಮಾತೆತ್ತಿದಾಗ ಭಾರತ ಸರ್ಕಾರ ತೋರಿಸಿದ್ದು ಅದೇ ಬೀಗ.

ಕೇರಿಗೆ ಬೆಂಕಿ ಬಿದ್ದರೆ ‘ಆಂತರಿಕ ವಿಷಯ’ ಅನ್ನೋದಾದ್ರೆ, ಆ ವಿಶ್ವಶಾಂತಿ ಯಾರದ್ದು?

ಜೈ ಭೀಮ್.