ತೇರಿನ ಪಟಾಕ್ಷಿ, ಗಾಂಧೀಜಿಯ ರುಜು

ಮೆಚ್ಚಿದವರ ಮೈಸೋಕಿದ ವಸ್ತುವನ್ನು ದುಡ್ಡು ಸುರಿದು ಮನೆಗೆ ತಂದಿಟ್ಟುಕೊಳ್ಳುವುದು ಸಿರಿವಂತ ದೇಶಗಳ ಗೀಳು ಎಂಬ ನಂಬಿಕೆ ನಮ್ಮಲ್ಲಿದೆ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ಲೆಕ್ಕ ನೋಡಿದರೆ ಹಾಗನ್ನಿಸುವುದೂ ಸಹಜ. ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್ ಪಂದ್ಯದಲ್ಲಿ ತೊಟ್ಟಿದ್ದ ಅಂಗಿ 2024ರ ಆಗಸ್ಟ್‌ನಲ್ಲಿ 2 ಕೋಟಿ 41 ಲಕ್ಷ ಡಾಲರಿಗೆ ಹರಾಜಾಯಿತು. ಮಿಕ್ಕಿ ಮ್ಯಾಂಟಲ್‌ನ ಚಿತ್ರವಿರುವ, ಅಂಗೈಯಲ್ಲಿ ಹಿಡಿಸುವ 1952ರ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್ ತಂದಿತು. ಆ ಆಟದ ಬ್ಯಾಟು, ಚೆಂಡು, ಅಂಗಿ, ಚಿತ್ರಗಳಿಗೆಂದೇ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1939ರಿಂದ ಒಂದು ಸಂಗ್ರಹಾಲಯವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಇಂಥ ಸಂಗ್ರಹಾಲಯವಿಲ್ಲ. ಆದರೆ ಅಭಿಮಾನಕ್ಕೆ ಬಹಿರಂಗವಾಗಿ ಬೆಲೆ ಕೂಗಿ, ವಸ್ತುವನ್ನು ತಲೆಯ ಮೇಲೆ ಹೊತ್ತು ಮನೆಗೊಯ್ಯುವ ಪದ್ಧತಿ ಇಲ್ಲಿ ಹಿರಿಯರ ಕಾಲದಿಂದ ನಡೆದುಬಂದಿದೆ. ನೆನಪಿನ ವಸ್ತುವಿನ ದುಡ್ಡು ಎಲ್ಲಿಗೆ ಸೇರಬೇಕು, ಅದು ಅಸಲಿ ಎಂದು ಸಾಕ್ಷಿ ನುಡಿಯುವವರು ಯಾರು, ಕೊಂಡವನಿಗೆ ಅದರ ಮೇಲೆ ಎಷ್ಟು ಹಕ್ಕು ಎಂಬ ಮೂರು ಪ್ರಶ್ನೆಗಳಿಗೆ ನ್ಯೂಯಾರ್ಕಿನ ಹರಾಜುಕಟ್ಟೆಗಿಂತ ಈ ಸೀಮೆಯ ತೇರುಬಯಲೇ ಮೇಲಾದ ಉತ್ತರ ಕೊಟ್ಟಿದೆ ಎಂಬುದು ನನ್ನ ವಾದ.

ತೇರಿನ ಪಟಾಕ್ಷಿಯನ್ನೇ ನೋಡೋಣ. ಬಣ್ಣದ ಬಟ್ಟೆಯಲ್ಲಿ ಹೊಲಿದ ಬಾವುಟವದು. ಅಂಗಡಿಯಲ್ಲಿ ಕೊಂಡರೆ ಕೆಲವು ನೂರು ರೂಪಾಯಿಯ ಬಟ್ಟೆ. ತೇರಿಗೆ ಕಟ್ಟಿದ ಮೇಲೆ ಅದರ ಲೆಕ್ಕವೇ ಬೇರೆ. ಸ್ವಾಮಿ ತೇರು ಏರಿ ಕುಳಿತಿರುತ್ತಾನೆ, ಹಗ್ಗ ಹಿಡಿದವರು ಸಜ್ಜಾಗಿರುತ್ತಾರೆ, ಆದರೂ ಗಾಲಿ ಅಲುಗದು. ಪಟಾಕ್ಷಿಯ ಸವಾಲು ಮುಗಿಯಬೇಕು. ಮೈಕು ಹಿಡಿದವರು ಕೂಗಿದ ಮೊತ್ತವನ್ನು ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಎತ್ತಿ ಹೇಳುತ್ತಾರೆ; ಸವಾಲು ಹಿಡಿದವರ ಹೆಸರು ಊರಿಗೆಲ್ಲ ಕೇಳಿದ ಮೇಲೆಯೇ ತೇರು ಮುಂದಕ್ಕೆ ಉರುಳುತ್ತದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಲವು ಊರುಗಳ ತೇರಿಗೆ ಈ ಕ್ರಮವಿದೆ. ಇದರ ದೊಡ್ಡ ರೂಪ ಕಾಣುವುದು ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ. ಅಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿನ ಬಾವುಟವನ್ನು ಮುಕ್ತಿ ಬಾವುಟ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಅದರ ಸವಾಲು ಅರ್ಧ ಕೋಟಿ ರೂಪಾಯಿಯನ್ನೂ ದಾಟಿದೆ. ಜಿಲ್ಲೆಯ ಗಡಿ ಬೇರೆಯಾದರೂ ಭಕ್ತಿಯ ಸೀಮೆ ಒಂದೇ. ಕೊಟ್ಟೂರಿನ ಕೊಟ್ಟೂರೇಶ್ವರ, ಕೂಲಹಳ್ಳಿಯ ಮದ್ದಾನಸ್ವಾಮಿ, ಅರಸೀಕೆರೆಯ ಕೋಲಶಾಂತೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಎಲ್ಲರೂ ಪಂಚಗಣಾಧೀಶರೆಂಬ ಒಂದೇ ಬಳಗದವರೆಂದು ಜನ ನಂಬುತ್ತಾರೆ. ಒಬ್ಬರ ಒಕ್ಕಲು ಇನ್ನೊಬ್ಬರ ಜಾತ್ರೆಗೂ ಬುತ್ತಿ ಕಟ್ಟಿಕೊಂಡು ಹೊರಡುತ್ತದೆ.

ಇದು ದೇವರ ಕಾರ್ಯ, ಅದು ಆಟದ ಅಭಿಮಾನ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ ಎಂಬ ಆಕ್ಷೇಪ ಮೊದಲಿಗೇ ಬರುತ್ತದೆ. ಎರಡರ ಗುರಿ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ವಸ್ತುವಿಗೆ ಬೆಲೆ ಬರುವ ಬಗೆ ಒಂದೇ. ರೂತ್‌ನ ಅಂಗಿಯನ್ನು ಹೋಲುವ ಅಂಗಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಆ ದಿನ, ಆ ಮೈದಾನದಲ್ಲಿ, ಆ ಮೈಮೇಲೆ ಇದ್ದ ಅಂಗಿ ಒಂದೇ. ಪಟಾಕ್ಷಿಗೂ ಈ ಮಾತು ಸಲ್ಲುತ್ತದೆ. ವ್ಯತ್ಯಾಸ ಇರುವುದು ಅಸಲಿ ಎಂದು ತೋರಿಸುವ ರೀತಿಯಲ್ಲಿ. ಅಮೆರಿಕದಲ್ಲಿ ಈ ವ್ಯಾಪಾರ ಖಾಸಗಿ ಕೈಗಳಿಗೆ ಬಿದ್ದದ್ದರಿಂದ ಕಳ್ಳ ರುಜುಗಳ ದಂಧೆಯೇ ಹುಟ್ಟಿತು. 1990ರ ದಶಕದ ಕೊನೆಗೆ ಅಲ್ಲಿನ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ಆ ಜಾಲವನ್ನು ಭೇದಿಸಿದಾಗ ಮದರ್ ತೆರೇಸಾ ರುಜು ಹಾಕಿದ್ದಾರೆಂಬ ಬೇಸ್‌ಬಾಲ್ ಚೆಂಡೂ ಸಿಕ್ಕಿತು. ಇಂದು ಅಲ್ಲಿ ಹಳೆಯ ಅಂಗಿಯೊಂದನ್ನು ಮಾರಬೇಕಾದರೆ ಹಳೆಯ ಫೋಟೋಗಳ ಜೊತೆ ಹೊಲಿಗೆ ಹೊಲಿಗೆಯನ್ನೂ ತಾಳೆ ನೋಡುವ ಪರಿಣತರು ಬೇಕು. ತೇರುಬಯಲಿನಲ್ಲಿ ಪರಿಣತರ ಪತ್ರ ಬೇಕಿಲ್ಲ. ಬಾವುಟ ತೇರಿಗಿದ್ದದ್ದನ್ನೂ, ಇಂಥವರು ಇಷ್ಟಕ್ಕೆ ಹಿಡಿದದ್ದನ್ನೂ ಸಾವಿರಾರು ಜನ ಕಣ್ಣಾರೆ ಕಂಡಿರುತ್ತಾರೆ. ಆ ಜನ ಕೇವಲ ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಹರಾಜಿನ ಸಾಕ್ಷಿದಾರರೇ ಆಗುತ್ತಾರೆ.

ದೇವರ ಮಾತು ಬಿಟ್ಟು ಮನುಷ್ಯರ ಮಾತಿಗೆ ಬಂದರೂ ಈ ಸೀಮೆಯ ಚರಿತ್ರೆ ಇದನ್ನೇ ಹೇಳುತ್ತದೆ. 1934ರ ಮಾರ್ಚ್ ಮೊದಲ ವಾರದಲ್ಲಿ ಗಾಂಧೀಜಿ ಹರಪನಹಳ್ಳಿ, ಕೊಟ್ಟೂರು, ಸಂಡೂರಿನ ಹಾದಿಯಲ್ಲಿ ಬಂದರು. 1933ರ ನವೆಂಬರ್‌ನಲ್ಲಿ ವಾರ್ಧಾದಿಂದ ಹೊರಟಿದ್ದ ಅಸ್ಪೃಶ್ಯತಾ ನಿವಾರಣೆಯ ಆ ಪ್ರವಾಸ ಮುಗಿಯುವ ಹೊತ್ತಿಗೆ ಅವರು ಸುಮಾರು 12,500 ಮೈಲಿ ಸುತ್ತಿದ್ದರು, ಹರಿಜನ ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿಸಿದ್ದರು. ಕೂಡಿಸಿದ ಬಗೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಊರವರು ಕೊಟ್ಟ ಬಿನ್ನವತ್ತಳೆಯನ್ನೂ ಅದನ್ನಿಟ್ಟ ಬೆಳ್ಳಿಯ ಕರಂಡಕವನ್ನೂ ಅವರು ಆ ಸಭೆಯಲ್ಲೇ ಹರಾಜಿಗಿಡುತ್ತಿದ್ದರು. ರುಜು ಬೇಕೆಂದವರಿಂದ 5 ರೂಪಾಯಿ ಕೇಳಿ ಪಡೆಯುತ್ತಿದ್ದರು. ಕೇರಳದ ವಡಗರದಲ್ಲಿ ಕೌಮುದಿ ಎಂಬ ಎಳೆಯ ಹುಡುಗಿ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ಕೊಟ್ಟು ಪ್ರತಿಯಾಗಿ ಅವರ ಕೈಬರಹವನ್ನು ಪಡೆದದ್ದು ಅದೇ ಪ್ರವಾಸದಲ್ಲಿ, 1934ರ ಜನವರಿಯಲ್ಲಿ. ಅಭಿಮಾನಿಯ ಆಸೆಯನ್ನು ಗಾಂಧೀಜಿ ಹೀಯಾಳಿಸಲಿಲ್ಲ, ಅದಕ್ಕೊಂದು ದಾರಿ ತೋರಿಸಿದರು: ನನ್ನ ನೆನಪು ಬೇಕೇ, ಕೇರಿಯ ಮಕ್ಕಳ ಪಾಲನ್ನು ಮೊದಲು ಇಲ್ಲಿಡಿ ಎಂಬುದು ಆ 5 ರೂಪಾಯಿಯ ಅರ್ಥವಾಗಿತ್ತು. ತೇರಿನ ಸವಾಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಂಧೀಜಿ ದೇಶದ ಎಲ್ಲ ಕಡೆಯೂ ಹೀಗೇ ಮಾಡಿದರಲ್ಲ, ಇದರಲ್ಲಿ ಈ ಸೀಮೆಯದೇನು ವಿಶೇಷ ಎಂದು ಕೇಳಬಹುದು. ಈ ಊರುಗಳು ಅವರಿಗೆ ದಾರಿ ಕಲಿಸಿದವು ಎಂದು ನಾನು ಹೇಳುತ್ತಿಲ್ಲ. ಬಹಿರಂಗ ಸವಾಲು, ತೆರೆಮರೆಯ ವ್ಯಾಪಾರವಿಲ್ಲ, ಬಂದ ದುಡ್ಡು ಹತ್ತು ಜನರ ಕೆಲಸಕ್ಕೆ ಎಂಬ ಕಟ್ಟಳೆ ಎರಡು ಕಡೆಯೂ ಒಂದೇ ಆಗಿದೆ. ಹಾಗಾಗಿ ದೇವರ ತೇರಿನಿಂದ ದೇಶದ ನಾಯಕನವರೆಗೆ ಇಲ್ಲಿನ ಅಭಿಮಾನಕ್ಕೆ ಒಂದೇ ನಡೆ ಸಾಕಾಯಿತು ಎಂಬುದಷ್ಟೇ ನನ್ನ ಮಾತು.

ಆ ಕಟ್ಟಳೆ ಕಳಚಿದಾಗ ಅದೇ ಗಾಂಧೀಜಿಯ ವಸ್ತುಗಳಿಗೆ ಏನಾಯಿತು ಎಂಬುದನ್ನೂ ನೋಡಬೇಕು. 2009ರ ಮಾರ್ಚ್‌ನಲ್ಲಿ ಅವರ ಕನ್ನಡಕ, ಜೇಬುಗಡಿಯಾರ, ಚಪ್ಪಲಿ, ಊಟದ ತಟ್ಟೆ ಮತ್ತು ಬಟ್ಟಲು ನ್ಯೂಯಾರ್ಕಿನಲ್ಲಿ ಹರಾಜಾದವು. 18 ಲಕ್ಷ ಡಾಲರಿಗೆ ಕೊಂಡವರು ವಿಜಯ್ ಮಲ್ಯ. ಭಾರತ ಸರ್ಕಾರ ಆಕ್ಷೇಪಿಸಿದರೂ ಹರಾಜು ನಿಲ್ಲಲಿಲ್ಲ. 2020ರಲ್ಲಿ ಇನ್ನೊಂದು ಕನ್ನಡಕ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2 ಲಕ್ಷ 60 ಸಾವಿರ ಪೌಂಡಿಗೆ ಹೋಯಿತು. 1934ರಲ್ಲಿ 5 ರೂಪಾಯಿ ಕೊಟ್ಟ ಪೇಟೆಯ ವರ್ತಕನೂ 2009ರಲ್ಲಿ ಲಕ್ಷಗಟ್ಟಲೆ ಡಾಲರ್ ಕೂಗಿದವರೂ ಒಬ್ಬರೇ ವ್ಯಕ್ತಿಯ ಮೇಲಿನ ಅಭಿಮಾನಕ್ಕೆ ದುಡ್ಡು ಬಿಚ್ಚಿದವರು. ಆದರೆ ಮೊದಲನೆಯ ವ್ಯವಹಾರವನ್ನು ನಡೆಸಿದ್ದು ವಸ್ತುವಿನ ಒಡೆಯನೇ, ಅದೂ ತನಗಾಗಿ ಅಲ್ಲ. ಎರಡನೆಯದರಲ್ಲಿ ಒಡೆಯ ಸತ್ತು 61 ವರ್ಷವಾಗಿತ್ತು. ದುಡ್ಡು ಎಲ್ಲಿಗೆ ಹೋಗಬೇಕೆಂದು ಹೇಳುವ ಬಾಯಿ ಅಲ್ಲಿರಲಿಲ್ಲ.

ಕೂಡ್ಲಿಗಿ ಇದಕ್ಕೆ ಎದುರಾದ ಇನ್ನೊಂದು ಹಾದಿ ಹಿಡಿಯಿತು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ದೇಶದ ನದಿ ಸಂಗಮಗಳಿಗೆ ಹಂಚಿಹೋದಾಗ ಅದರ ಒಂದು ಪಾಲನ್ನು ಈ ಭಾಗದ ಸ್ವಾತಂತ್ರ್ಯ ಹೋರಾಟಗಾರರು ತಮ್ಮೂರಿಗೆ ತಂದರು. ಅದನ್ನು ನೀರಿಗೆ ಬಿಡದೆ ಇಟ್ಟು, ಮೇಲೆ ಸ್ಮಾರಕ ಕಟ್ಟಿದರು. ಚಿತಾಭಸ್ಮವನ್ನು ಹೊಳೆಗೆ ಬಿಡುವುದೇ ಪದ್ಧತಿ, ಇಟ್ಟುಕೊಳ್ಳುವುದು ಸಲ್ಲದು ಎನ್ನುವವರಿದ್ದಾರೆ. ಅದು ಗೌರವಿಸಬೇಕಾದ ಮಾತು; ತನ್ನನ್ನು ಪೂಜಿಸುವುದನ್ನು ಗಾಂಧೀಜಿಯೂ ಒಪ್ಪುತ್ತಿರಲಿಲ್ಲ. ಆದರೂ ಕೂಡ್ಲಿಗಿಯವರು ಮಾಡಿದ್ದರ ಗುಣವನ್ನು ಕಡೆಗಣಿಸಲಾಗದು. ಆ ಬೂದಿಗೆ ಬೆಲೆಯಿಲ್ಲ, ಒಡೆಯನಿಲ್ಲ. ಯಾರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಗನಿಗೆ ಪಾಲು ಕೊಡಲಾರರು, ನ್ಯೂಯಾರ್ಕಿಗೆ ಕಳಿಸಲಾರರು. ಊರಿನ ನಡುವೆ, ಬಸ್ಸಿಗೆ ಕಾಯುವವನಿಗೂ ಶಾಲೆಯ ಹುಡುಗರಿಗೂ ಸಮಾನವಾಗಿ ಸೇರಿದ ನೆನಪು ಅದು. ಇದೇ ಮನೋಭಾವ ಇನ್ನೊಂದೆಡೆಯೂ ಕಾಣುತ್ತದೆ: ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಎಂಬ ಊರು ಮುಳುಗಿದಾಗ ಹಗರಿಬೊಮ್ಮನಹಳ್ಳಿ ಬಳಿಯ ಮರಿಯಮ್ಮನಹಳ್ಳಿಗೆ ಬಂದ ಜನ ತಮ್ಮ ದೇವರನ್ನೂ ತೇರಿನ ಪರಂಪರೆಯನ್ನೂ ಜೊತೆಗೆ ತಂದರು. ಹೊಲ, ಮನೆ ಎಲ್ಲ ನೀರಿಗೆ ಬಿಟ್ಟವರು ಉಳಿಸಿಕೊಳ್ಳಲು ಆರಿಸಿಕೊಂಡದ್ದೂ ಒಬ್ಬರ ಸ್ವತ್ತಾಗದ ವಸ್ತುವನ್ನೇ.

ಬಲವಾದ ಆಕ್ಷೇಪ ಬೇರೆಯೇ ಇದೆ. ಸವಾಲು ಎಂದ ಮೇಲೆ ಉಳ್ಳವರದೇ ಮೇಲುಗೈ. ಬಾವುಟ ಹಿಡಿಯುವವರಲ್ಲಿ ಶಾಸಕರು, ಮಂತ್ರಿಗಳು, ಗುತ್ತಿಗೆದಾರರು ಹೆಚ್ಚು. ಭಕ್ತಿಯ ಹೆಸರಿನಲ್ಲಿ ಪ್ರತಿಷ್ಠೆ ಮೆರೆಯುತ್ತದೆ. ಬಡವನ ಅಭಿಮಾನಕ್ಕೆ ಮೈಕಿನಲ್ಲಿ ಹೆಸರಿಲ್ಲ. ಇದು ನಿಜ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ಸೀಮೆಯ ಜಾತ್ರೆ ಎಲ್ಲವನ್ನೂ ಸವಾಲಿಗೆ ಇಟ್ಟಿಲ್ಲ. ಕೊಟ್ಟೂರೇಶ್ವರನ ತೇರು ಹೊರಡಬೇಕಾದರೆ ದಲಿತ ಕೇರಿಯ ಮುತ್ತೈದೆಯರು ಉಪವಾಸವಿದ್ದು ಕಳಸದಾರತಿ ಬೆಳಗಬೇಕು. ಆ ಮರ್ಯಾದೆಯನ್ನು ಎಷ್ಟು ಕೋಟಿ ಕೂಗಿದರೂ ಕೊಳ್ಳಲಾಗದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬಂದವರೆಲ್ಲ ಗೊರವಯ್ಯ ಬಿಲ್ಲನ್ನೇರಿ ನುಡಿದ ಕಾರಣಿಕವೆಂಬ ಭವಿಷ್ಯನುಡಿಯ ಒಂದು ಮಾತನ್ನೂ ಚಿಟಿಕೆ ಭಂಡಾರವನ್ನೂ ಊರಿಗೆ ಒಯ್ಯುತ್ತಾರೆ, ಎರಡಕ್ಕೂ ಬೆಲೆಯಿಲ್ಲ. ತೇರಿಗೆ ಎಸೆಯುವ ಬಾಳೆಹಣ್ಣಿನ ಮಾತಂತೂ ಇನ್ನೂ ಸೊಗಸು. ಈಚೆಗೆ ಹುಡುಗರು ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಆರ್‌ಸಿಬಿ ಕಪ್ ಗೆಲ್ಲಲಿ ಎಂದೋ, ಅಪ್ಪು ಮತ್ತೆ ಹುಟ್ಟಿ ಬರಲಿ ಎಂದೋ ಬರೆದು ಉತ್ತತ್ತಿಯ ಜೊತೆ ಎಸೆಯುತ್ತಾರೆ. ಇದು ಜಾತ್ರೆಯ ಗಾಂಭೀರ್ಯ ಕೆಡಿಸಿತು ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಆಟಗಾರನ ವಸ್ತುವನ್ನು ತನ್ನ ಬಳಿಗೆ ಎಳೆದುಕೊಳ್ಳುವ ಅಭಿಮಾನಿಯನ್ನು ಜಗತ್ತೆಲ್ಲ ಬಲ್ಲದು. ಇಲ್ಲಿನ ಹುಡುಗ ತನ್ನ ಆಸೆಯನ್ನೇ ಒಂದು ಹಣ್ಣಿಗೆ ಬರೆದು ದೂರ ಬೀಸುತ್ತಾನೆ, ಅದು ಗಾಲಿಯ ಕೆಳಗೆ ಅರೆದುಹೋಗುತ್ತದೆ, ಅವನ ಕೈಗೆ ಏನೂ ಉಳಿಯುವುದಿಲ್ಲ.

ಉಳಿಯದಿರುವುದೇ ನನಗೆ ನೋವಾಗುವ ಸಂಗತಿಯೂ ಹೌದು. ಕೂಪರ್ಸ್‌ಟೌನಿನವರು ನಮಗಿಂತ ಮೇಲಾಗುವುದು ಇಲ್ಲಿಯೇ: ಒಂದು ಚೆಂಡು ಯಾವ ದಿನದ್ದು, ಯಾರ ಕೈಯಿಂದ ಬಂತು ಎಂದು ಅವರು ಬರೆದಿಡುತ್ತಾರೆ. ನಮ್ಮಲ್ಲಿ ಸಾವಿರಾರು ಕಣ್ಣಿನ ಸಾಕ್ಷಿ ಒಂದು ತಲೆಮಾರಿಗೆ ಮುಗಿದುಹೋಗುತ್ತದೆ. ಟ್ರಂಕಿನ ತಳದಲ್ಲಿ ಮಡಿಚಿಟ್ಟ ಪಟಾಕ್ಷಿ ಯಾವ ವರ್ಷದ ತೇರಿನದೆಂದು ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ. ಆಗ ಅದು ಮತ್ತೆ ಬರೀ ಬಟ್ಟೆ. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಸವಾಲು ಮುಗಿದ ಗಳಿಗೆಯಲ್ಲೇ ಬಾವುಟದ ಅಂಚಿಗೆ ತೇರು, ತಿಥಿ, ಇಸವಿ, ಹಿಡಿದವರ ಹೆಸರು, ಮೊತ್ತ ಇಷ್ಟನ್ನು ದಾರದಲ್ಲಿ ಹೊಲಿಸಿ ಕೊಡಲಿ. ಅದರದೇ ನಕಲು ದೇವಸ್ಥಾನದ ದಫ್ತರದಲ್ಲಿರಲಿ. ಮುಜರಾಯಿಗೆ ಸೇರಿದ ಗುಡಿಗಳು ಹಳೆಯ ಸವಾಲಿನ ಲೆಕ್ಕಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಜನರ ಕಣ್ಣಿಗೆ ಬೀಳುವಂತೆ ತೆರೆದಿಡಲಿ. ಹರಪನಹಳ್ಳಿ, ಕೊಟ್ಟೂರಿನ ಹಳೆಯ ಮನೆಗಳಲ್ಲಿ 1934ರ ರುಜುವೋ ಬಿನ್ನವತ್ತಳೆಯ ಹಾಳೆಯೋ ಇದ್ದರೆ ಅದರ ಒಂದು ಫೋಟೋವಾದರೂ ಕೂಡ್ಲಿಗಿಯ ಸ್ಮಾರಕವನ್ನು ಸೇರಲಿ; ಹಾಳೆ ಮನೆಯವರಲ್ಲೇ ಇರಲಿ. ಅಂದು ಆ 5 ರೂಪಾಯಿ ಪೂರ್ತಿ ಸಲ್ಲಿಕೆಯಾಗಿದೆ, ಆ ಹಕ್ಕನ್ನು ಅವರಿಂದ ಕಸಿಯುವ ಕಾರಣವಿಲ್ಲ.